ಗ್ರೀಕ್ ಯೋಗರ್ಟ್ ಕೊಳ್ಳುವ ಮುನ್ನ: ಬಸಿದದ್ದು ಯಾವುದು, ಗಟ್ಟಿ ಮಾಡಿದ್ದು ಯಾವುದು?

ಸೂಪರ್ ಮಾರ್ಕೆಟ್‌ನ ಫ್ರಿಜ್ ಮುಂದೆ ನಿಂತರೆ ‘ಗ್ರೀಕ್ ಯೋಗರ್ಟ್’, ‘ಗ್ರೀಕ್ ಸ್ಟೈಲ್’, ‘ಹೈ ಪ್ರೋಟೀನ್’ ಎಂದು ಬರೆದ ಡಬ್ಬಿಗಳು ಒಂದೇ ಸಾಲಿನಲ್ಲಿ ಕುಳಿತಿರುತ್ತವೆ. ಎಲ್ಲವೂ ಬಿಳಿ, ಎಲ್ಲವೂ ಗಟ್ಟಿ, ಎಲ್ಲವೂ ಮಾಮೂಲಿ ಮೊಸರಿಗಿಂತ ದುಬಾರಿ. ಒಳಗಿನ ಸರಕು ಮಾತ್ರ ಬೇರೆ ಬೇರೆ. ಕೆಲವು ನಿಜವಾಗಿಯೂ ನೀರು ಬಸಿದ ಮೊಸರು. ಅಂಥದ್ದು ಒಂದು ಕಿಲೋ ಸಿಗಬೇಕಾದರೆ ಸುಮಾರು ಮೂರು ಲೀಟರ್ ಹಾಲು ಬೇಕು, ಕೆಲವು ಬ್ರಾಂಡ್‌ಗಳಿಗೆ ನಾಲ್ಕು. ಇನ್ನು ಕೆಲವು ಮಾಮೂಲಿ ಮೊಸರಿಗೆ ಹಾಲಿನ ಪುಡಿಯನ್ನೋ ಕೆನೆಯನ್ನೋ ಪಿಷ್ಟವನ್ನೋ ಸೇರಿಸಿ ಗಟ್ಟಿ ಮಾಡಿದವು. ಈ ಎರಡನೆಯ ಬಗೆಯನ್ನು ಮೋಸ ಎಂದು ನಾನು ಹೇಳುವುದಿಲ್ಲ. ಕೆಲವು ಅಡುಗೆಗೆ ಅದೇ ಹೆಚ್ಚು ಒಗ್ಗುತ್ತದೆ. ಆದರೆ ಬಸಿದ ಮೊಸರಿನ ಬೆಲೆ ಕೊಟ್ಟು ಗಟ್ಟಿ ಮಾಡಿದ ಮೊಸರನ್ನು ಮನೆಗೆ ತರುವುದು ಶುದ್ಧ ದಂಡ. ಅದನ್ನು ತಪ್ಪಿಸಲು ಅಂಗಡಿಯಲ್ಲಿ ಒಂದು ನಿಮಿಷ ಸಾಕು.

ಹೆಸರನ್ನು ಎಷ್ಟು ನಂಬಬಹುದು

ಗ್ರೀಸ್‌ನಲ್ಲಿಯೇ ಮೊಸರು ಒಂದು ಬಗೆಯದಲ್ಲ. ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ್ದು ‘ಸ್ಟ್ರಾಗಿಸ್ಟೊ’. ಪ್ರಪಂಚವೆಲ್ಲ ಗ್ರೀಕ್ ಯೋಗರ್ಟ್ ಎಂದು ತಿನ್ನುತ್ತಿರುವುದು ಇದನ್ನೇ. ಅದರ ಜೊತೆಗೆ ಮಣ್ಣಿನ ಕುಡಿಕೆಯಲ್ಲಿ ಹೆಪ್ಪುಗಟ್ಟಿಸಿದ, ಮೇಲೆ ದಪ್ಪ ಕೆನೆಪದರವಿರುವ ಕುರಿ ಹಾಲಿನ ಮೊಸರೂ ಅಲ್ಲಿ ಸಿಗುತ್ತದೆ. ಅದನ್ನು ಬಸಿಯುವುದೇ ಇಲ್ಲ. ಕುರಿ ಹಾಲಿನಲ್ಲಿ ಪ್ರೋಟೀನೂ ಕೊಬ್ಬೂ ಹಸುವಿನ ಹಾಲಿಗಿಂತ ಬಹಳ ಹೆಚ್ಚು. ಹಾಗಾಗಿ ಅದು ತಾನಾಗಿಯೇ ಗಟ್ಟಿಯಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಎಮ್ಮೆ ಹಾಲಿನ ಮೊಸರನ್ನು ಚಮಚದಿಂದ ಕತ್ತರಿಸಿ ಬಡಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸ್ಟ್ರಾಗಿಸ್ಟೊವನ್ನು ಹೊರದೇಶಗಳ ಅಂಗಡಿಗೆ ತಲುಪಿಸಿದ್ದರಲ್ಲಿ ‘ಫಾಯೆ’ ಕಂಪನಿಯ ಪಾಲು ದೊಡ್ಡದು. 1926ರಲ್ಲಿ ಅಥೆನ್ಸ್‌ನ ಒಂದು ಹಾಲಿನ ಅಂಗಡಿಯಾಗಿ ಶುರುವಾದ ಸಂಸ್ಥೆ ಅದು. ಅಮೆರಿಕದಲ್ಲಿ ಈ ಮೊಸರನ್ನು ಮನೆಮಾತಾಗಿಸಿದ್ದು ‘ಚೋಬಾನಿ’. ಟರ್ಕಿಯಿಂದ ವಲಸೆ ಬಂದ ಹಮ್ದಿ ಉಲುಕಾಯಾ ನ್ಯೂಯಾರ್ಕ್ ರಾಜ್ಯದಲ್ಲಿ ಮುಚ್ಚಿಹೋಗಿದ್ದ ಮೊಸರಿನ ಕಾರ್ಖಾನೆಯೊಂದನ್ನು 2005ರಲ್ಲಿ ಕೊಂಡು ಅದನ್ನು ಕಟ್ಟಿದರು. ಎರಡೂ ಕಂಪನಿಗಳು ಬ್ರಿಟನ್ನಿನಲ್ಲಿ ಎದುರಾದಾಗ ಜಗಳ ನ್ಯಾಯಾಲಯಕ್ಕೆ ಹೋಯಿತು. ನ್ಯೂಯಾರ್ಕ್‌ನಲ್ಲಿ ತಯಾರಾದ ಚೋಬಾನಿಯೂ ಬಸಿದ ಮೊಸರೇ ಆಗಿತ್ತು. ಆದರೂ ಅಲ್ಲಿನ ಗ್ರಾಹಕರಲ್ಲಿ ಅನೇಕರು ‘ಗ್ರೀಕ್’ ಎಂದರೆ ಗ್ರೀಸ್‌ನಲ್ಲಿ ಮಾಡಿದ್ದು ಎಂದೇ ತಿಳಿಯುತ್ತಾರೆ ಎಂಬ ಕಾರಣಕ್ಕೆ 2013ರಲ್ಲಿ ಹೈಕೋರ್ಟು, 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಫಾಯೆ ಪರವಾಗಿ ತೀರ್ಪು ಕೊಟ್ಟವು. ಆದ್ದರಿಂದ ಲಂಡನ್ನಿನ ಅಂಗಡಿಯಲ್ಲಿ ‘ಗ್ರೀಕ್’ ಎಂದಿದ್ದರೆ ಅದು ಗ್ರೀಸ್‌ನಿಂದ ಬಂದದ್ದು, ಉಳಿದವೆಲ್ಲ ‘ಗ್ರೀಕ್ ಸ್ಟೈಲ್’. ಆ ‘ಸ್ಟೈಲ್’ ಸಾಲಿನಲ್ಲಿ ಬಸಿದವೂ ಇರಬಹುದು, ಬಸಿಯದವೂ ಇರಬಹುದು. ನ್ಯೂಜೆರ್ಸಿಯಲ್ಲಿರುವ ನಿಮ್ಮ ತಂಗಿಗೆ ಈ ಅನುಕೂಲವೂ ಇಲ್ಲ. ಅಮೆರಿಕದಲ್ಲಿ ‘ಗ್ರೀಕ್ ಯೋಗರ್ಟ್’ ಎಂಬುದಕ್ಕೆ ಕಾನೂನಿನ ವ್ಯಾಖ್ಯೆಯೇ ಇಲ್ಲ. ಪಿಷ್ಟ ಹಾಕಿದ್ದಕ್ಕೂ ಆ ಹೆಸರು ಇಡಬಹುದು.

ಡಬ್ಬಿಯ ಮುಂಬದಿಯ ಮಾತು ಇಷ್ಟೇ. ಇನ್ನು ಡಬ್ಬಿಯನ್ನು ತಿರುಗಿಸಿ.

ಮೊದಲ ಹೆಜ್ಜೆ: ಪದಾರ್ಥಗಳ ಪಟ್ಟಿ

ಪಟ್ಟಿಯಲ್ಲಿ ತೂಕದ ಲೆಕ್ಕದಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ, ಕಡಿಮೆ ಇರುವುದು ಕೊನೆಗೆ. ಬಸಿದ ಮೊಸರಿನ ಪಟ್ಟಿ ಬಲು ಚಿಕ್ಕದು: ಹಾಲು, ಬೇಕಿದ್ದರೆ ಕೆನೆ, ಹೆಪ್ಪಿನ ಬ್ಯಾಕ್ಟೀರಿಯಾ. ಅಷ್ಟೇ. ಅದಕ್ಕಿಂತ ಉದ್ದವಿದ್ದರೆ ಅಲ್ಲಿ ಏನಿದೆ ಎಂದು ನೋಡಿ.

ಹಾಲಿನ ಪುಡಿ ಅಥವಾ ‘ಹಾಲಿನ ಘನಾಂಶ’ ಇದ್ದರೆ ಮೊಸರಿನಿಂದ ನೀರು ತೆಗೆಯುವ ಬದಲು ಹಾಲಿಗೆ ಪುಡಿ ಸೇರಿಸಿದ್ದಾರೆ ಎಂದರ್ಥ. ಮಿಲ್ಕ್ ಪ್ರೋಟೀನ್ ಕಾನ್ಸಂಟ್ರೇಟ್ (ಸಾಂದ್ರಗೊಳಿಸಿದ ಹಾಲಿನ ಪ್ರೋಟೀನ್) ಅಥವಾ ವೇ ಪ್ರೋಟೀನ್ (ಹಾಲು ಒಡೆದಾಗ ಬೇರಾಗುವ ನೀರಿನಲ್ಲಿರುವ ಪ್ರೋಟೀನ್) ಇದ್ದರೆ ಪ್ರೋಟೀನ್ ಅಂಕಿ ಬಸಿದ ಮೊಸರಿಗೆ ಸರಿಸಮ ಇರಬಹುದು. ಬಾಯಿಯಲ್ಲಿ ಮಾತ್ರ ಸ್ವಲ್ಪ ಹಿಟ್ಟುಹಿಟ್ಟಾಗಿ ಸಿಗುವುದುಂಟು. ಪಿಷ್ಟ, ಪೆಕ್ಟಿನ್, ಗೋರಿಕಾಯಿ ಜಾತಿಯ ಬೀಜದಿಂದ ಬರುವ ಗ್ವಾರ್ ಗಮ್ ಮುಂತಾದವು ನೀರನ್ನು ಹಿಡಿದಿಟ್ಟುಕೊಳ್ಳಲು ಹಾಕುವವು. ಭಾರತದ ಡಬ್ಬಿಗಳಲ್ಲಿ ಇವು ಸಂಖ್ಯೆಯ ವೇಷದಲ್ಲಿ ಬರುತ್ತವೆ: 440 ಎಂದರೆ ಪೆಕ್ಟಿನ್, 412 ಗ್ವಾರ್ ಗಮ್, 1422 ಮತ್ತು 1442 ಮಾರ್ಪಡಿಸಿದ ಪಿಷ್ಟಗಳು.

ಸಸ್ಯಾಹಾರಿಗಳು ಜೆಲಟಿನ್ ಬಗ್ಗೆ ಎಚ್ಚರವಾಗಿರಬೇಕು. ಅದು ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ಬರುವಂಥದ್ದು. ಭಾರತದಲ್ಲಿ ಹಸಿರು ಚುಕ್ಕೆ ನೋಡಿದರೆ ಸಾಕು, ಆದರೆ ಆ ಚುಕ್ಕೆ ಕಡ್ಡಾಯವಲ್ಲದ ದೇಶಗಳಲ್ಲಿ ಇರುವವರು ಪಟ್ಟಿಯನ್ನು ಪೂರ್ತಿ ಓದಲೇಬೇಕು. ಹಣ್ಣು ಬೆರೆಸಿದ ಅಗ್ಗದ ಕಪ್‌ಗಳಲ್ಲಿ ಜೆಲಟಿನ್ ಅಪರೂಪವೇನಲ್ಲ.

ಎರಡನೆಯ ಹೆಜ್ಜೆ: ಎರಡೇ ಎರಡು ಅಂಕಿ

ಪಟ್ಟಿ ಓದುವ ತಾಳ್ಮೆ ಇಲ್ಲದವರಿಗೆ ಇದೊಂದೇ ಸಾಕು. ಪೋಷಕಾಂಶದ ಕೋಷ್ಟಕದಲ್ಲಿ 100 ಗ್ರಾಂಗೆ ಪ್ರೋಟೀನ್ ಎಷ್ಟು, ಕಾರ್ಬೋಹೈಡ್ರೇಟ್ ಎಷ್ಟು ನೋಡಿ. ಇದನ್ನು ಏನೂ ಬೆರೆಸದ, ಸಪ್ಪೆ ಮೊಸರಿನ ಡಬ್ಬಿಯಲ್ಲೇ ನೋಡಬೇಕು. ಸ್ಟ್ರಾಬೆರಿ, ಮಾವು ಎಂದಿರುವುದರಲ್ಲಿ ಸಕ್ಕರೆ ಸೇರಿ ಲೆಕ್ಕ ಕೆಡುತ್ತದೆ.

ಮಾಮೂಲಿ ಗಟ್ಟಿ ಹಾಲಿನ ಮೊಸರಿನಲ್ಲಿ ಪ್ರೋಟೀನ್ ಸುಮಾರು 3.5 ಗ್ರಾಂ, ಕಾರ್ಬೋಹೈಡ್ರೇಟ್ 4.7 ಗ್ರಾಂ. ಬಸಿದ ಮೊಸರಿನಲ್ಲಿ ಪ್ರೋಟೀನ್ 9ರಿಂದ 10, ಕಾರ್ಬೋಹೈಡ್ರೇಟ್ 3ರಿಂದ 4. ಅಂದರೆ ಒಂದು ಏರಿದೆ, ಇನ್ನೊಂದು ಇಳಿದಿದೆ. ಕಾರಣ ಸರಳ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ನೀರಿನಲ್ಲಿ ಕರಗಿರುತ್ತದೆ. ಬಸಿದಾಗ ನೀರಿನೊಂದಿಗೆ ಅದೂ ಹೊರಟುಹೋಗುತ್ತದೆ. ಪ್ರೋಟೀನ್ ಹೆಪ್ಪಿನ ಬಲೆಯಲ್ಲಿ ಸಿಕ್ಕಿಕೊಂಡು ಬಟ್ಟೆಯಲ್ಲೇ ಉಳಿಯುತ್ತದೆ.

ಈಗ ಹಾಲಿನ ಪುಡಿ ಹಾಕಿದರೆ ಏನಾಗುತ್ತದೆ ನೋಡಿ. ಕೆನೆರಹಿತ ಹಾಲಿನ ಪುಡಿಯಲ್ಲಿ ನೂರಕ್ಕೆ ಸುಮಾರು 35 ಗ್ರಾಂ ಪ್ರೋಟೀನ್, 50 ಗ್ರಾಂಗೂ ಮೀರಿ ಲ್ಯಾಕ್ಟೋಸ್. 100 ಗ್ರಾಂ ಮೊಸರಿಗೆ 6 ಗ್ರಾಂ ಪುಡಿ ಬಿದ್ದರೆ ಪ್ರೋಟೀನ್ 5ರ ಮೇಲೆ ಹೋಗುತ್ತದೆ, ಕಾರ್ಬೋಹೈಡ್ರೇಟ್ 7ನ್ನು ದಾಟುತ್ತದೆ. ಎರಡೂ ಒಟ್ಟಿಗೇ ಏರಿದ್ದರೆ ಅದು ಪುಡಿಯ ಕೆಲಸ. ಪ್ರೋಟೀನ್ 3–4ರಲ್ಲೇ ನಿಂತು ಕಾರ್ಬೋಹೈಡ್ರೇಟ್ ಮಾತ್ರ ಏರಿದ್ದರೆ ಪಿಷ್ಟದ್ದು. ಪ್ರೋಟೀನ್ 4–5, ಕೊಬ್ಬು 9–10 ಇದ್ದರೆ ಕೆನೆ ಸುರಿದು ಗಟ್ಟಿ ಮಾಡಿದ್ದಾರೆ. ಬ್ರಿಟನ್ನಿನ ಸೂಪರ್ ಮಾರ್ಕೆಟ್‌ಗಳ ಸ್ವಂತ ಬ್ರಾಂಡಿನ ‘ಗ್ರೀಕ್ ಸ್ಟೈಲ್’ನಲ್ಲಿ ಈ ಜಾತಿ ಬಹಳ. ರುಚಿಗೆ ಇದು ಸೊಗಸು, ಪ್ರೋಟೀನಿಗೆಂದು ಕೊಳ್ಳುವವರಿಗೆ ನಿರುಪಯೋಗಿ.

ನೆನಪಿಡಲು ಸುಲಭವಾದ ಸೂತ್ರ ಬೇಕೆಂದರೆ: ಪ್ರೋಟೀನ್ ಅಂಕಿ ಕಾರ್ಬೋಹೈಡ್ರೇಟ್ ಅಂಕಿಯ ಎರಡು ಪಟ್ಟಿಗಿಂತ ಹೆಚ್ಚಿದ್ದರೆ ಬಸಿದದ್ದೆಂದು ಬಹುಮಟ್ಟಿಗೆ ನಂಬಬಹುದು. ಮೇಲೆ ಹೇಳಿದ ಪ್ರೋಟೀನ್ ಕಾನ್ಸಂಟ್ರೇಟ್ ಪಟ್ಟಿಯಲ್ಲಿ ಇಲ್ಲವೆಂದು ಮಾತ್ರ ಖಚಿತಪಡಿಸಿಕೊಳ್ಳಿ. ಕಾರ್ಬೋಹೈಡ್ರೇಟೇ ಮುಂದಿದ್ದರೆ ಖಂಡಿತ ಅಲ್ಲ. ಅಂತರರಾಷ್ಟ್ರೀಯ ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಕೂಡ ಇಲ್ಲೊಂದು ಗೆರೆ ಎಳೆದಿದೆ: ಸಾಂದ್ರಗೊಳಿಸಿದ ಮೊಸರು ಎನಿಸಿಕೊಳ್ಳಲು ಪ್ರೋಟೀನ್ ಕನಿಷ್ಠ ಶೇ 5.6 ಇರಬೇಕು. ಆ ವರ್ಗಕ್ಕೆ ಉದಾಹರಣೆಯಾಗಿ ಸ್ಟ್ರಾಗಿಸ್ಟೊ, ಲೆಬನಾನ್ ಕಡೆಯ ಲಬ್ನೆ ಎರಡೂ ಅಲ್ಲಿ ಹೆಸರಿಸಲ್ಪಟ್ಟಿವೆ. ಇದಕ್ಕಿಂತ ಕೆಳಗಿನ ಅಂಕಿ ಕಂಡರೆ ನಾನಂತೂ ಡಬ್ಬಿಯನ್ನು ಅಲ್ಲೇ ಇಡುತ್ತೇನೆ.

ಬೆಲೆಯನ್ನೂ ಇದೇ ಅಂಕಿಯಿಂದ ಅಳೆಯಿರಿ. ಲೆಕ್ಕಕ್ಕೆಂದು ಹೇಳುವುದಾದರೆ, 85 ಗ್ರಾಂ ಕಪ್ಪಿಗೆ 60 ರೂಪಾಯಿ, ಪ್ರೋಟೀನ್ ನೂರಕ್ಕೆ 8 ಎಂದುಕೊಳ್ಳಿ. ಕಪ್ಪಿನಲ್ಲಿ ಸಿಗುವುದು 6.8 ಗ್ರಾಂ, ಗ್ರಾಂಗೆ ಬಿದ್ದದ್ದು ಸುಮಾರು 9 ರೂಪಾಯಿ. ಅರ್ಧ ಕಿಲೋ ಮಾಮೂಲಿ ಮೊಸರು 40 ರೂಪಾಯಿ ಎಂದರೆ 17.5 ಗ್ರಾಂ ಪ್ರೋಟೀನ್. ಗ್ರಾಂಗೆ ಎರಡೂಕಾಲು ರೂಪಾಯಿ. ಪ್ರೋಟೀನ್ ಮಾತ್ರ ಬೇಕಿದ್ದವರು ಎರಡು ಬಟ್ಟಲು ಮೊಸರನ್ನ ಹೆಚ್ಚು ತಿಂದರೂ ಆದೀತು, ಅನ್ನದ ಲೆಕ್ಕವನ್ನು ಅವರೇ ನೋಡಿಕೊಳ್ಳಲಿ.

ಸುಣ್ಣದಂಶಕ್ಕೆಂದು ಗ್ರೀಕ್ ಯೋಗರ್ಟ್ ತಿನ್ನುವವರಿಗೆ ಒಂದು ಮಾತು. ಬಸಿಯುವಾಗ ಕ್ಯಾಲ್ಸಿಯಂ ಕೂಡ ನೀರಿನ ಜೊತೆ ಇಳಿದುಹೋಗುತ್ತದೆ. ಕೆನೆರಹಿತ ಬಸಿದ ಮೊಸರಿನಲ್ಲಿ ನೂರು ಗ್ರಾಂಗೆ ಸುಮಾರು 110 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಮೆರಿಕದ ಬಸಿಯದ ಕೆನೆರಹಿತ ಮೊಸರಿನಲ್ಲಿ 200ರ ಹತ್ತಿರ ಇರುತ್ತದೆ. ಮೂಳೆಗೆ ಬೇಕೆಂದರೆ ಮಾಮೂಲಿ ಮೊಸರೇ ವಾಸಿ.

ಮೂರನೆಯ ಹೆಜ್ಜೆ: ಮನೆಗೆ ತಂದ ಮೇಲೆ

ಹೊಸ ಬ್ರಾಂಡ್ ತಂದಾಗ ಮಧ್ಯದಿಂದ ಒಂದು ದೊಡ್ಡ ಚಮಚ ಮೊಸರು ತೆಗೆದು, ಡಬ್ಬಿ ಮುಚ್ಚಿ ಮರುದಿನ ತೆರೆಯಿರಿ. ಬಸಿದ ಮೊಸರಾಗಿದ್ದರೆ ಗುಳಿಯಲ್ಲಿ ಒಂದೆರಡು ಚಮಚ ತಿಳಿ ಹಸಿರು–ಹಳದಿ ನೀರು ನಿಂತಿರುತ್ತದೆ. ಆ ಬಣ್ಣ ರೈಬೋಫ್ಲೇವಿನ್ ಎಂಬ ಬಿ ವಿಟಮಿನ್ನಿನದು. ಮೊಸರು ಕೆಟ್ಟಿಲ್ಲ, ಕಲಸಿಬಿಡಿ. ಎರಡು ದಿನವಾದರೂ ಒಂದು ಹನಿ ನೀರು ಬಿಡದೆ, ಗುಳಿಯ ಅಂಚು ಕತ್ತರಿಸಿದ ಹಲ್ವದಂತೆ ಚೂಪಾಗಿಯೇ ನಿಂತಿದ್ದರೆ ಯಾವುದೋ ಅಂಟು ಅದನ್ನು ಹಿಡಿದಿಟ್ಟಿದೆ.

ಪಿಷ್ಟವಿದೆಯೇ ಎಂದು ತಿಳಿಯಲು ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ ಸಾಕು. ಒಂದು ಚಮಚ ಮೊಸರಿಗೆ ಮೂರು ಚಮಚ ನೀರು ಸೇರಿಸಿ ಕುದಿಸಿ, ಆರಿಸಿ, ಎರಡು ಹನಿ ಹಾಕಿ. ನೀಲಿಗಪ್ಪಾದರೆ ಪಿಷ್ಟ ಇದೆ. ಕೆಲವು ಮಾರ್ಪಡಿಸಿದ ಪಿಷ್ಟಗಳು ಕೆಂಗಂದು ಬಣ್ಣ ಕೊಟ್ಟು ಗೊಂದಲ ಮಾಡುತ್ತವೆ, ಪೆಕ್ಟಿನ್ನು, ಜೆಲಟಿನ್ನು ಇದರಲ್ಲಿ ಸಿಕ್ಕಿಬೀಳುವುದೇ ಇಲ್ಲ. ಪರೀಕ್ಷೆಗೆ ಬಳಸಿದ್ದನ್ನು ಚೆಲ್ಲಿ. ಬಟ್ಟಲನ್ನು ಚೆನ್ನಾಗಿ ತೊಳೆಯಿರಿ.

ನಾಲ್ಕನೆಯ ಹೆಜ್ಜೆ: ಯಾವ ಅಡುಗೆಗೆ ಯಾವುದು

ಗ್ರೀಕರು ಮಾಡುವಂತೆ ಜೇನುತುಪ್ಪ, ಅಕ್ರೋಟು ಹಾಕಿಕೊಂಡು ಹಾಗೆಯೇ ತಿನ್ನುವುದಾದರೆ ಶೇ 5 ಕೊಬ್ಬಿರುವ ಬಸಿದ ಮೊಸರು ತೆಗೆದುಕೊಳ್ಳಿ. ಕೆನೆರಹಿತವಾದದ್ದು ಸೀಮೆಸುಣ್ಣದ ರುಚಿಗೆ ಹತ್ತಿರ, ಪಥ್ಯದವರಿಗೆ ಇರಲಿ.

ಗ್ರೀಕರ ಸೌತೆಕಾಯಿ ಮೊಸರುಬಜ್ಜಿಯಾದ ಜಾಜಿಕಿ ಮಾಡುವಾಗ ಬಸಿದದ್ದಕ್ಕೆ ಬದಲಿ ಇಲ್ಲ. ಸೌತೆಕಾಯಿ ಉಪ್ಪು ತಗುಲಿದೊಡನೆ ನೀರು ಬಿಡುತ್ತದೆ, ಪಿಷ್ಟದ ಮೊಸರು ಆ ನೀರಿನೊಂದಿಗೆ ಸೇರಿ ಅರ್ಧ ಗಂಟೆಯಲ್ಲಿ ಗಂಜಿಯಾಗುತ್ತದೆ. ಒಂದು ದೊಡ್ಡ ಸೌತೆಕಾಯಿ ತುರಿದು, ಅರ್ಧ ಚಮಚ ಉಪ್ಪು ಬೆರೆಸಿ ಹದಿನೈದು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಕೈ ನೋಯುವಷ್ಟು ಹಿಂಡಿ. 400 ಗ್ರಾಂ ಮೊಸರಿಗೆ ಈ ತುರಿ, ಜಜ್ಜಿದ ಒಂದೆರಡು ಎಸಳು ಬೆಳ್ಳುಳ್ಳಿ, ಎರಡು ದೊಡ್ಡ ಚಮಚ ಆಲಿವ್ ಎಣ್ಣೆ, ಒಂದು ಚಿಕ್ಕ ಚಮಚ ವಿನಿಗರ್ ಸೇರಿಸಿ. ಫ್ರಿಜ್‌ನಲ್ಲಿ ಒಂದೆರಡು ಗಂಟೆ ಇಟ್ಟರೆ ಬೆಳ್ಳುಳ್ಳಿಯ ಘಾಟು ಹದಕ್ಕೆ ಬರುತ್ತದೆ. ಅಕ್ಕಿರೊಟ್ಟಿಗೂ ಇದು ಚೆನ್ನಾಗಿ ಹೊಂದುತ್ತದೆ, ಯಾರೂ ಗ್ರೀಸ್‌ನಿಂದ ಬಂದು ತಡೆಯುವುದಿಲ್ಲ.

ಶ್ರೀಖಂಡಕ್ಕೂ ಗಟ್ಟಿ ಮಾಡಿದ ಮೊಸರು ಬೇಡ. ಸಕ್ಕರೆ ಬಿದ್ದ ಕೂಡಲೇ ಅದು ಪಾಯಸದಂತೆ ಸಡಿಲವಾಗುತ್ತದೆ. ಅಂಗಡಿಯ ಬಸಿದ ಗ್ರೀಕ್ ಯೋಗರ್ಟ್ ಕೂಡ ಇಲ್ಲಿ ತುಸು ತೆಳುವೇ. ಬೆಳಗಾವಿ, ಧಾರವಾಡದ ಮನೆಗಳಲ್ಲಿ ರಾತ್ರಿಯಿಡೀ ಕಟ್ಟಿಡುವ ಚಕ್ಕಾ ಅದಕ್ಕಿಂತ ಗಟ್ಟಿ. ನಮ್ಮ ಆಹಾರ ನಿಯಮಗಳ ಪ್ರಕಾರ ಚಕ್ಕಾದಲ್ಲಿ ಒಟ್ಟು ಘನಾಂಶ ಕನಿಷ್ಠ ಶೇ 30 ಇರಬೇಕು. ಗ್ರೀಕ್ ಯೋಗರ್ಟ್ ಬಳಸಲೇಬೇಕೆಂದರೆ ಅದನ್ನು ಮತ್ತೆ ಬಟ್ಟೆಯಲ್ಲಿ ಕಟ್ಟಿ ನಾಲ್ಕೈದು ಗಂಟೆ ಫ್ರಿಜ್‌ನಲ್ಲಿಡಿ.

ಬಿಸಿ ಗ್ರೇವಿಗೆ ಬೆರೆಸುವಾಗ ಮಾತ್ರ ‘ಗ್ರೀಕ್ ಸ್ಟೈಲ್’ ಗೆಲ್ಲುತ್ತದೆ. ಪಿಷ್ಟವಿರುವ ಮೊಸರು ಕುದಿಯಲ್ಲಿ ಬೇಗ ಒಡೆಯುವುದಿಲ್ಲ. ಕೆನೆ ಹೆಚ್ಚಿರುವುದೂ ತಕ್ಕಮಟ್ಟಿಗೆ ತಡೆಯುತ್ತದೆ. ಕೆನೆರಹಿತ ಬಸಿದ ಮೊಸರನ್ನು ಕುದಿಯುವ ಸಾರಿಗೆ ಸುರಿದರೆ ಕಾಳುಕಾಳಾಗುತ್ತದೆ. ಹಾಕಲೇಬೇಕಿದ್ದರೆ ಒಲೆ ಆರಿಸಿ, ಒಂದು ಚಮಚ ಕಡಲೆಹಿಟ್ಟು ಕದಡಿ, ಬಿಸಿ ಸಾರನ್ನೇ ಸ್ವಲ್ಪ ಸ್ವಲ್ಪ ಮೊಸರಿಗೆ ಬೆರೆಸಿ ಆಮೇಲೆ ಪಾತ್ರೆಗೆ ಹಾಕಿ. ಮಜ್ಜಿಗೆಹುಳಿಗೆ ಎರಡೂ ಬೇಡ. ಬಸಿದದ್ದನ್ನು ಮತ್ತೆ ನೀರು ಹಾಕಿ ತೆಳು ಮಾಡುವುದರಲ್ಲಿ ಅರ್ಥವಿಲ್ಲ.

ಐದನೆಯ ಹೆಜ್ಜೆ: ಮನೆಯಲ್ಲೇ ಬಸಿಯುವುದು

ಇಷ್ಟೆಲ್ಲ ಓದಿದ ಮೇಲೆ ನನ್ನ ಸಲಹೆ ಕೇಳಿದರೆ, ಫ್ರಿಜ್‌ನಲ್ಲಿ ಜಾಗ ಇರುವವರು ಕೊಳ್ಳುವ ಗೋಜಿಗೇ ಹೋಗಬೇಕಾಗಿಲ್ಲ. ಒಂದು ಲೀಟರ್ ಹಾಲಿನಲ್ಲಿ ಸುಮಾರು 33 ಗ್ರಾಂ ಪ್ರೋಟೀನ್ ಇರುತ್ತದೆ. ಬಸಿಯುವಾಗ ಎರಡು ಮೂರು ಗ್ರಾಂ ಹೋದರೂ 350 ಗ್ರಾಂ ಗಟ್ಟಿ ಮೊಸರಿನಲ್ಲಿ 30 ಗ್ರಾಂ ಉಳಿಯುತ್ತದೆ, ಅಂದರೆ ನೂರಕ್ಕೆ ಎಂಟೂವರೆ. ದುಬಾರಿ ಡಬ್ಬಿಯಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ.

ಶೇ 6 ಕೊಬ್ಬಿನ ಫುಲ್ ಕ್ರೀಮ್ ಹಾಲು, ಸಿಕ್ಕಿದರೆ ಎಮ್ಮೆ ಹಾಲು ತೆಗೆದುಕೊಳ್ಳಿ. ಉಕ್ಕು ಬಂದೊಡನೆ ಇಳಿಸಬೇಡಿ. ಉರಿ ಸಣ್ಣ ಮಾಡಿ ಹತ್ತು ನಿಮಿಷ ಕಲಕುತ್ತ ಕಾಯಿಸಿ. ಗಟ್ಟಿತನದ ಗುಟ್ಟು ಬಟ್ಟೆಗಿಂತ ಹೆಚ್ಚಾಗಿ ಈ ಹತ್ತು ನಿಮಿಷದಲ್ಲಿದೆ. ಹಾಲು 85–90 ಡಿಗ್ರಿಯಲ್ಲಿ ನಿಂತಾಗ, ಸಾಮಾನ್ಯವಾಗಿ ನೀರಿನೊಂದಿಗೆ ಸೋರಿಹೋಗುವ ವೇ ಪ್ರೋಟೀನುಗಳು ಬಿಚ್ಚಿಕೊಂಡು ಹಾಲಿನ ಮುಖ್ಯ ಪ್ರೋಟೀನಾದ ಕೇಸಿನ್‌ಗೆ ಅಂಟಿಕೊಳ್ಳುತ್ತವೆ. ಹೆಪ್ಪು ಬಿಗಿಯಾಗುತ್ತದೆ, ಪ್ರೋಟೀನ್ ಕಡಿಮೆ ಸೋರುತ್ತದೆ.

ಆಮೇಲೆ 42–43 ಡಿಗ್ರಿಗೆ ಆರಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ತೊಳೆದ ಕಿರುಬೆರಳು ಅದ್ದಿ. ಹತ್ತು ಎಣಿಸುವ ತನಕ ಬಿಸಿ ತಾಳಿಕೊಳ್ಳುವಂತಿರಬೇಕು. ಲೀಟರಿಗೆ ಒಂದು ದೊಡ್ಡ ಚಮಚ ಹೆಪ್ಪು ಸಾಕು. ಮನೆಯ ಹೆಪ್ಪು ಹಾಕಿದರೆ ಮನೆಯ ಮೊಸರಿನ ರುಚಿಯೇ ಬರುತ್ತದೆ. ಗ್ರೀಕ್ ಯೋಗರ್ಟ್‌ನ ರುಚಿ ಬೇಕಿದ್ದರೆ ಜೀವಂತ ಬ್ಯಾಕ್ಟೀರಿಯಾ ಇದೆ ಎಂದು ಬರೆದ ಸಪ್ಪೆ ಯೋಗರ್ಟ್ ಒಂದು ಚಮಚ ತಂದು ಹಾಕಿ. ಅದರಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಬಲ್ಗೇರಿಕಸ್ ಮತ್ತು ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್‌ಗೆ ಬಿಸುಪು ಬೇಕು. ಆದ್ದರಿಂದ ಪಾತ್ರೆಯನ್ನು ದಪ್ಪ ಟವೆಲ್ ಸುತ್ತಿ ಮುಚ್ಚಿದ ಓವನ್ನಿನಲ್ಲೋ ಹಾಟ್‌ಬಾಕ್ಸಿನಲ್ಲೋ ಇಡಿ. ಐದಾರು ಗಂಟೆಯಲ್ಲಿ ಹೆಪ್ಪುಗಟ್ಟುತ್ತದೆ. ಹುಳಿ ಏರುವ ಮುಂಚೆಯೇ ಫ್ರಿಜ್‌ಗೆ ಹಾಕಿ, ಚೆನ್ನಾಗಿ ತಣ್ಣಗಾಗುವವರೆಗೆ ಮುಟ್ಟಬೇಡಿ. ಬೆಚ್ಚಗಿನ ಮೊಸರನ್ನು ಬಸಿದರೆ ನೀರಿನ ಜೊತೆ ಮೊಸರೂ ಬಟ್ಟೆಯಿಂದ ಹೊರಬರುತ್ತದೆ.

ಹಳೆಯ ಬಿಳಿ ಪಂಚೆಯ ತುಂಡು ಎರಡು ಪದರ ಮಾಡಿದರೆ ಹದವಾಗಿರುತ್ತದೆ; ಸೋಪಿನ ವಾಸನೆ ಹೋಗಲು ಮೊದಲು ಬರೀ ನೀರಿನಲ್ಲಿ ಕುದಿಸಿ. ಪಾತ್ರೆಯ ಮೇಲೆ ಜಾಲರಿ, ಅದರ ಮೇಲೆ ಒದ್ದೆ ಬಟ್ಟೆ, ಅದಕ್ಕೆ ಮೊಸರು. ನಲ್ಲಿಗೆ ಗಂಟು ಕಟ್ಟಿ ನೇತುಹಾಕುವ ಪದ್ಧತಿ ಚಳಿಗಾಲಕ್ಕೆ ಸರಿ. ಏಪ್ರಿಲ್, ಮೇ ತಿಂಗಳಲ್ಲಿ ಹಾಗೆ ಮಾಡಿದರೆ ಬೆಳಗಾಗುವಷ್ಟರಲ್ಲಿ ಹಲ್ಲು ಜುಂ ಎನ್ನುವಷ್ಟು ಹುಳಿಯಾಗಿರುತ್ತದೆ. ಫ್ರಿಜ್‌ನಲ್ಲೇ ಬಸಿಯಿರಿ.

ಎಷ್ಟು ಹೊತ್ತು ಎಂದು ಗಡಿಯಾರ ನೋಡುವುದಕ್ಕಿಂತ ಇಳಿದ ನೀರನ್ನು ಅಳೆಯುವುದು ಒಳ್ಳೆಯದು. ಒಂದು ಕಿಲೋ ಮೊಸರಿನಿಂದ 500 ಮಿಲಿ ನೀರು ಇಳಿದರೆ ಚಮಚದಲ್ಲಿ ನಿಲ್ಲುವ ಮೃದು ಮೊಸರು, 600ರಿಂದ 650ಕ್ಕೆ ಅಂಗಡಿಯ ಗ್ರೀಕ್ ಯೋಗರ್ಟ್, ಅದಕ್ಕೂ ಮುಂದೆ ಹೋದರೆ ಲಬ್ನೆ ಅಥವಾ ಚಕ್ಕಾ. ಅತಿಯಾಗಿ ಗಟ್ಟಿಯಾದರೆ ಅದೇ ನೀರನ್ನು ಎರಡು ಚಮಚ ಹಾಕಿ ಕಡೆಯಿರಿ, ಸರಿಹೋಗುತ್ತದೆ. ಗಾಜಿನ ಡಬ್ಬಿಯಲ್ಲಿ ಒಂದು ವಾರ ಚೆನ್ನಾಗಿರುತ್ತದೆ.

ಉಳಿದ ನೀರಿನ ವಿಚಾರ. ದೊಡ್ಡ ಕಾರ್ಖಾನೆಗಳಿಗೆ ಇದು ತಲೆನೋವು. ನದಿಗೆ ಬಿಟ್ಟರೆ ನೀರಿನ ಆಮ್ಲಜನಕ ಕುಸಿದು ಮೀನು ಸಾಯುವುದರಿಂದ ಹೊಲಗಳಿಗೆ, ದನದ ಮೇವಿಗೆ ಸಾಗಿಸುತ್ತಾರೆ. ಮನೆಯಲ್ಲಿ ಅರ್ಧ ಲೀಟರ್ ಖರ್ಚು ಮಾಡುವುದು ಕಷ್ಟವಲ್ಲ. ಚಪಾತಿ ಹಿಟ್ಟನ್ನು ಅದರಲ್ಲೇ ಕಲಸಿ, ಮೆತ್ತಗಿರುತ್ತದೆ. ಹುಣಸೆಹುಳಿ ಕಡಿಮೆ ಮಾಡಿ ತಿಳಿಸಾರಿಗೆ ಹಾಕಬಹುದು. ಉಪ್ಪು, ಇಂಗು, ಜಜ್ಜಿದ ಶುಂಠಿ ಹಾಕಿ ಕುಡಿಯಲೂಬಹುದು, ಆದರೆ ಲ್ಯಾಕ್ಟೋಸ್ ಒಗ್ಗದವರು ಇದನ್ನು ಮುಟ್ಟಬಾರದು: ಮೊಸರಿನಿಂದ ಹೊರಬಿದ್ದ ಸಕ್ಕರೆಯೆಲ್ಲ ಇದರಲ್ಲೇ ಇದೆ. ಕುಂಡದ ಗಿಡಗಳಿಗೆ ಹಾಗೆಯೇ ಸುರಿಯಬೇಡಿ, ಹುಳಿ ಹೆಚ್ಚು. ಹತ್ತು ಪಟ್ಟು ನೀರು ಬೆರೆಸಿ, ಅದೂ ಅಪರೂಪಕ್ಕೆ.